ಉಲ್ಕಾವೀರನನ್ನು ಎಲ್ಲಿಂದ ಓದಬೇಕು

ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು
೧೧ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ವೇಣು,

ಕಾಲಿನ ಹುಣ್ಣು ಒಣಗಿತಾ? ಅದಕ್ಕೆ ಸಮುದ್ರದ ನೀರು ತಾಗಿಸಬೇಡ ಎಂದು ಇಲ್ಲಿನ ಡಾಕ್ಟರು ಹೇಳಿದ್ದಾರೆ. ಅದನ್ನು ನಿನಗೆ ಹೇಳೋಣವೆಂದರೆ ಪ್ರತಿ ಸಲವೂ ಅಷ್ಟರಲ್ಲಿ ಫೋನು ಕಟ್ಟಾಗುತ್ತದೆ. ಕುಡಿಯುವ ನೀರಿನ ದೋಣಿ ಬರುತ್ತಿದೆಯಾ? ಜನರೇಟರ್ ನಿಂತ ಮೇಲೆ ಆ ಕಬ್ಬಿಣದ ಒಲೆಯಂಥ ಹಡಗಿನೊಳಗೆ ಹೇಗೆ ಮಲಗುತ್ತೀರಿ? ನಾವಿಕರ ಸಂಘದವರು ಔಷಧಿ ತೆಗೆದುಕೊಂಡು ನೀವಿರುವ ಬಂದರಿಗೆ ಹೊರಟಿದ್ದಾರಂತೆ, ಒಂದೊಂದು ಮನೆಯವರು ಒಂದೊಂದು ಪತ್ರ ಕಳಿಸಬಹುದಂತೆ. ನಿನ್ನ ಜೊತೆಗಿರುವ ಕೌಸ್ತುಭನ ತಾಯಿ, ತಾಯಲೂರಿನ ಶಾಮಲಮ್ಮನವರು, ನಾಳೆ ಚೆನ್ನೈಗೆ ಹೋಗಿ ಮಗನ ಪತ್ರದ ಜೊತೆ ಇದನ್ನೂ ತಲುಪಿಸುತ್ತೇನೆ ಎಂದಿದ್ದಾರೆ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಾವ ತೋಟದಲ್ಲೇ ಇರುತ್ತಾರೆ, ಈ ಸಲ ಬಾದಾಮಿ ಮಾವಿಗೆ ಹೂವು ಹೆಚ್ಚು, ಆದರೆ ಜಿಗಿಹುಳ ಬಿದ್ದಿದೆ ಎಂದು ಬೆಳಿಗ್ಗೆಯಿಂದ ಗೊಣಗುತ್ತಾರೆ. ಅತ್ತೆಯ ಮಂಡಿನೋವು ಹಾಗೇ ಇದೆ. ನಾನು ಹೇಳಬೇಕೆಂದಿರುವುದು ರಂಜಿತಳ ವಿಷಯ. ಸ್ಕೂಲಿನಲ್ಲಿ ಯಾರೋ ಅವಳಿಗೆ ‘ನಿಮ್ಮಪ್ಪನ್ನ ಜೈಲಿಗೆ ಹಾಕವ್ರಂತೆ’ ಅಂದರು. ಜೈಲಲ್ಲ ಕಣೇ, ಹಡಗಿನ ಮಾಲೀಕ ಹಡಗನ್ನು ಬಿಟ್ಟು ಓಡಿಹೋದ, ಬಂದರಿನವರು ಹಡಗನ್ನು ಹಿಡಿದಿಟ್ಟುಕೊಂಡಿದ್ದಾರೆ, ಕೋರ್ಟು ಹೇಳುವವರೆಗೆ ಕೆಲಸಗಾರರು ಇಳಿಯುವಂತಿಲ್ಲ, ಅಷ್ಟೇ ಎಂದು ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡು, ‘ಹಂಗಾದ್ರೆ ಜೈಲೇ ಅಲ್ವೇನಮ್ಮ’ ಅಂದಳು.

ಆ ಸಂಜೆಯೇ ಅಟ್ಟದಿಂದ ನಿನ್ನ ಟೊಮೊಟೊ ಕ್ರೇಟುಗಳನ್ನು ಇಳಿಸಿದಳು. ಉಲ್ಕಾವೀರನ ಚಿತ್ರಕತೆಯ ಪುಸ್ತಕಗಳು! ನೀನು ಹುಡುಗನಾಗಿದ್ದಾಗಿನಿಂದ ಕೂಡಿಟ್ಟದ್ದು, ನಾನು ಮದುವೆಯಾಗಿ ಬಂದಾಗ ಗುಜರಿಗೆ ಹಾಕೋಣ ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆಯಲ್ಲ, ಅವೇ. ‘ಅಪ್ಪ ಬರೋದ್ರೊಳಗೆ ಎಲ್ಲಾ ಓದಿ ಮುಗಿಸ್ತೀನಿ. ಎಲ್ಲಿಂದ ಶುರು ಮಾಡ್ಲಿ, ಹೇಳಮ್ಮ’ ಅಂದಳು. ಇದೇನು ದೊಡ್ಡ ವಿಷಯ, ಒಂದನೇ ಸಂಚಿಕೆಯಿಂದ ಓದು ಅಂದೆ. ಹುಡುಕಿದರೆ ಒಂದನೇ ಸಂಚಿಕೆಗಳೇ ಮೂರು ಇವೆ ಕಣೋ! ಒಂದರಲ್ಲಿ ಅವನು ಲೈನ್‌ಮ್ಯಾನ್, ಇನ್ನೊಂದರಲ್ಲಿ ಲೈನ್‌ಮ್ಯಾನನ ಮಗ, ಮತ್ತೊಂದರಲ್ಲಿ ಸತ್ತುಹೋಗಿ ವಾಪಸ್ಸು ಬಂದವನು. ನಡುವೆ ಬರೆಯುವವರು ಬದಲಾದರು, ಚಿತ್ರ ಬಿಡಿಸುವವರು ಬದಲಾದರು, ಮುಖವೂ ಬದಲಾಯಿತು. ಎಲ್ಲಕ್ಕಿಂತ ಹಳೆಯದನ್ನು ಆರಿಸಿ ಕೊಟ್ಟೆ. ಅದರಲ್ಲಿ ಕೆಂಪು ಬಣ್ಣ ಗೆರೆ ದಾಟಿ, ಅವನ ಬೆನ್ನಿನ ಹೊದಿಕೆಯ ಬದಲು ಪಕ್ಕದ ಮೋಡಕ್ಕೆ ಅಂಟಿಕೊಂಡಿದೆ. ಮೊದಲ ಪುಟಗಳಲ್ಲೇ ಉಲ್ಕಾವೀರನ ಅಪ್ಪ ಆಕಾಶದಿಂದ ಬಿದ್ದ ಕಲ್ಲನ್ನು ನೋಡಲು ಹೋಗಿ ತಿರುಗಿ ಬರುವುದಿಲ್ಲ. ನನಗೇನು ಗೊತ್ತಿತ್ತು? ರಂಜಿತ ಪುಸ್ತಕ ಮುಚ್ಚಿಟ್ಟು ದನದ ಕೊಟ್ಟಿಗೆಗೆ ಹೋದವಳು ಊಟಕ್ಕೆ ಕರೆದರೂ ಬರಲಿಲ್ಲ. ಮಗು ಏನನ್ನು ಓದಬಾರದು ಎಂಬುದೂ ತಿಳಿಯದ ತಾಯಿ ನಾನು ಅನಿಸಿತು.

ಆ ವಾರ ನಿನ್ನ ಫೋನು ಬಂದಾಗ ಮೊದಲು ಅದನ್ನೇ ಕೇಳಿದೆ, ನೆನಪಿದೆಯಾ? ‘ಒಂದನೇದ್ರಿಂದ ಬೇಡ ಪದ್ಮಾ, ಆ...’ ಅಂದೆ ನೀನು. ಅಲ್ಲಿಗೆ ಲೈನು ಹೋಯಿತು. ಆಮೇಲೆ ನಾನೂ ರಂಜಿತಳೂ ಆ ಒಂದು ಅಕ್ಷರವನ್ನು ಹಿಡಿದುಕೊಂಡು ಕೂತೆವು. ಆರನೇದಾ? ಆನೆಯ ಚಿತ್ರ ಇರುವುದಾ? ಆಷಾಢದ ವಿಶೇಷ ಸಂಚಿಕೆಯಾ? ಎಲ್ಲವನ್ನೂ ತೆಗೆದು ಚಾಪೆಯ ಮೇಲೆ ಹರಡಿದಳು. ಮಾವ ಬಂದು ನೋಡಿ, ‘ಆ ನನ್ಮಗ ಆಮೇಲೆ ಹೇಳ್ತೀನಿ ಅಂದಿರ್ತಾನೆ ಬಿಡೇ’ ಅಂದರು. ಅದೇ ಇರಬೇಕು. ಆದರೆ ಅವಳು ಒಪ್ಪಲಿಲ್ಲ.

ಕಡೆಗೆ ಭಾನುವಾರ ಅವಳನ್ನು ಬಸ್ಸಿನಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋದೆ. ನೀನು ಕಾಲೇಜಿನ ದಿನಗಳಲ್ಲಿ ನನ್ನನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಒಳಗೆ ಹೋಗುತ್ತಿದ್ದ ಹಳೇ ಪುಸ್ತಕದ ಅಂಗಡಿ ಇನ್ನೂ ಇದೆ. ಉಮಾಶಂಕರ್ ಅವರಿಗೆ ನಿನ್ನ ಹೆಸರು ಹೇಳಿದ ಕೂಡಲೇ ಸ್ಟೂಲು ಹಾಕಿ ಕೂರಿಸಿದರು. ‘ಹೊಸಬ್ರು ಮೂರನೇ ಸರಣಿಯಿಂದ ಓದ್ಬೇಕು ಮೇಡಂ. ಹಳೇದೆಲ್ಲ ಅದರಲ್ಲಿ ಹೊಸದಾಗಿ ಹೇಳವ್ರೆ’ ಅಂದರು. ಅಲ್ಲೇ ಪುಸ್ತಕ ನೋಡುತ್ತಿದ್ದ ಮೃದುಲಾ ಎಂಬ ಬ್ಯಾಂಕಿನ ಹುಡುಗಿ ತಿರುಗಿ, ‘ಅಯ್ಯೋ, ಅದರಲ್ಲೇನಿದೆ ಸಾರ್, ಬರೀ ಹೊಡೆದಾಟ. ಪ್ರವಾಹದ ಕತೆಯಿಂದ ಶುರು ಮಾಡ್ಬೇಕು’ ಅಂದಳು. ಇಬ್ಬರಿಗೂ ವಾದ ಹತ್ತಿತು. ರಂಜಿತ ಇಬ್ಬರ ಮುಖವನ್ನೂ ನೋಡುತ್ತಿದ್ದವಳು ನಡುವೆ ಕೇಳಿದಳು: ‘ಅಂಕಲ್, ಅವನು ಮನೆಗೆ ಬರೋದು ಯಾವ ಪುಸ್ತಕದಲ್ಲಿದೆ? ನಾನು ಅಲ್ಲಿಂದ ಓದ್ತೀನಿ.’

ಉಮಾಶಂಕರ್ ಕನ್ನಡಕ ತೆಗೆದು ಯೋಚಿಸಿದರು. ಆಮೇಲೆ ಮೆಲ್ಲಗೆ, ‘ಮನೆಗೆ ಬರೋದನ್ನ ಯಾರೂ ಬರೀಲಿಲ್ಲ ಮಗಾ. ಊರು ಉಳಿಸ್ತಾನೆ, ಹಾರಿ ಹೋಗ್ತಾನೆ, ಅಲ್ಲಿಗೆ ಪುಸ್ತಕ ಮುಗೀತದೆ’ ಅಂದರು. ಮೃದುಲಾ ಅವಳ ಕೈಗೆ ತಾನು ಕೊಂಡ ಪುಸ್ತಕವನ್ನೇ ಇಟ್ಟಳು. ಇವಳು ಬೇಡ ಎಂದು ವಾಪಸ್ಸು ಕೊಟ್ಟಳು. ಬಸ್ಸಿನಲ್ಲಿ ಊರು ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ಕೊನೆಗೆ ಆರಿಸಿದ್ದು ಯಾರು ಗೊತ್ತಾ? ನಿನ್ನಮ್ಮ! ಕನ್ನಡ ಓದಲು ಬಾರದ ವೆಂಕಟರತ್ನಮ್ಮ. ಚಾಪೆಯ ಮೇಲಿನ ರಾಶಿಯಲ್ಲಿ ಕೈಯಾಡಿಸಿ, ರಟ್ಟು ಹರಿದುಹೋದ ಒಂದು ಪುಸ್ತಕ ಎತ್ತಿ, ‘ಈಡು ಮನ ವೇಣು ಮಾದ್ರೇ ಉಂಡಾಡು ಸೂಡೇ’ ಅಂದರು. ನಮ್ಮ ವೇಣು ಥರಾನೇ ಇದ್ದಾನೆ ನೋಡು ಅಂತ. ಅದರಲ್ಲಿ ಉಲ್ಕಾವೀರನ ಶಕ್ತಿಯೆಲ್ಲ ಹೋಗಿ, ಒಣಗಿದ ಕೆರೆಯಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿರುತ್ತಾನೆ. ನಿಜ ಕಣೋ, ನಡಿಗೆ ನಿನ್ನದೇ. ರಂಜಿತ ಅಲ್ಲಿಂದಲೇ ಶುರು ಮಾಡಿದಳು. ಮೊದಲಿಲ್ಲ, ಸಂಖ್ಯೆ ಇಲ್ಲ, ಖಳನಾಯಕ ಯಾರೆಂದು ಇಬ್ಬರಿಗೂ ಗೊತ್ತಿಲ್ಲ. ಅವಳು ಓದುತ್ತಾಳೆ, ಅತ್ತೆ ‘ಈಡೆವಡೇ?’, ಇವನ್ಯಾರು, ಎಂದು ಪ್ರತಿಯೊಬ್ಬನನ್ನೂ ತೋರಿಸಿ ಕೇಳುತ್ತಾರೆ, ಅವಳು ಇವನು ಮೋಸಗಾರ, ಇವನು ಅವನ ಭಾವ ಎಂದು ಬಾಯಿಗೆ ಬಂದದ್ದನ್ನು ಹೇಳುತ್ತಾಳೆ. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದನ್ನು ಕೇಳಿದೆ. ಆದರೆ ಕೊನೆಯ ಪುಟದಲ್ಲಿ ‘ಮುಂದಿನ ಸಂಚಿಕೆಯಲ್ಲಿ’ ಎಂದಿದೆ, ಆ ಮುಂದಿನದು ಕ್ರೇಟಿನಲ್ಲಿಲ್ಲ. ಉಮಾಶಂಕರ್ ಅವರಿಗೆ ಫೋನು ಮಾಡಿದೆ, ಅವರ ಬಳಿಯೂ ಇಲ್ಲ. ಕೆರೆ ದಾಟಿದ ಮೇಲೆ ಅವನಿಗೆ ಏನಾಯಿತು ಎಂದು ನೆನಪಿದ್ದರೆ ನಾಲ್ಕು ಸಾಲು ಬರೆದು ಕಳಿಸು. ನೆನಪಿಲ್ಲದಿದ್ದರೆ ನೀನೇ ಏನಾದರೂ ಬರೆ, ಅವಳು ನಂಬುತ್ತಾಳೆ.

ಊಟ ಬಿಡಬೇಡ. ಮಾವ, ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ರಂಜಿತ ಈ ಪತ್ರದ ಮೂಲೆಗೆ ಮುತ್ತು ಕೊಟ್ಟಿದ್ದಾಳೆ, ಒದ್ದೆಯಾದದ್ದು ಅದೇ.

ನಿನ್ನ ದಾರಿ ನೋಡುತ್ತಿರುವ,
ಪದ್ಮಶ್ರೀ

ಮತ್ತೆ: ಬುಧವಾರ ಬೆಳಿಗ್ಗೆ. ಶಾಮಲಮ್ಮನವರು ಪತ್ರಕ್ಕೆಂದು ಬಂದಿದ್ದಾರೆ. ನಿನ್ನೆ ಕೌಸ್ತುಭ ಅವರಿಗೆ ಫೋನು ಮಾಡಿದ್ದನಂತೆ. ಎಲ್ಲರನ್ನೂ ಬಿಡುತ್ತಾರಂತೆ, ಆದರೆ ಹಡಗು ಮಾರಾಟವಾಗುವವರೆಗೆ ಕಾವಲಿಗೆ ಒಬ್ಬ ಉಳಿಯಲೇಬೇಕಂತೆ. ಕೌಸ್ತುಭನ ಹೆಸರು ಬಂದಿತ್ತಂತೆ, ನೀನು ಮುಂದೆ ಬಂದು ನಾನಿರುತ್ತೇನೆ ಅಂದೆಯಂತೆ. ‘ನಿಮ್ಮೆಜಮಾನ್ರು ದೇವ್ರಂಥೋರು ತಾಯಿ’ ಎಂದು ಆಕೆ ನನ್ನ ಕಾಲು ಮುಟ್ಟಲು ಬಂದರು. ನಾನು ಹಿಡಿದೆತ್ತಿ ಕಾಫಿ ಕೊಟ್ಟೆ. ಮಾಲೀಕನೇ ಇಲ್ಲದ ಹಡಗು ಯಾವ ವರ್ಷ ಮಾರಾಟವಾಗುತ್ತದೆ ವೇಣು? ರಂಜಿತ ‘ಎಲ್ಲರನ್ನೂ ಬಿಡ್ತಾರೆ’ ಅನ್ನುವುದನ್ನಷ್ಟೇ ಕೇಳಿಸಿಕೊಂಡು ತಾತನಿಗೆ ಹೇಳಲು ತೋಟಕ್ಕೆ ಓಡಿದ್ದಾಳೆ. ಆ ಕಾವಲಿನ ಕಾಗದಕ್ಕೆ ನೀನು ಇನ್ನೂ ಸಹಿ ಹಾಕಿಲ್ಲದಿದ್ದರೆ ಹಾಕಬೇಡ. ನನ್ನಾಣೆ, ಹಾಕಬೇಡ. ಇದನ್ನು ಕೌಸ್ತುಭನಿಗೆ ತೋರಿಸಬೇಡ. ಅವನ ತಾಯಿ ಎದುರಿಗೇ ಕೂತಿದ್ದಾರೆ, ಬಸ್ಸಿಗೆ ಹೊತ್ತಾಯಿತು, ಮುಗೀತಾ ಎಂದು ನಗುನಗುತ್ತಾ ಕೈ ಚಾಚಿದ್ದಾರೆ.