ಎಲ್ಲರ ಬಾಯಲ್ಲೂ ಯೂನಿಯನ್ನು

ಮೇಟಗಳ್ಳಿ, ಮೈಸೂರು
೧೪-೩-೧೯೫೭, ಗುರುವಾರ

ಪ್ರೀತಿಯ ಮಹದೇವಣ್ಣಾ,

ನಿನ್ನ ಕೆಮ್ಮು ಹೇಗಿದೆ? ಧರ್ಮಪುರಿಯ ಬಿಸಿಲಿಗೆ ಬಿಟ್ಟಿರಬೇಕು ಅಂತ ಅವ್ವ ಅನ್ನುತ್ತಾಳೆ. ಬೀಡಿ ಬಿಡದವನಿಗೆ ಕೆಮ್ಮು ಎಲ್ಲಿ ಬಿಡುತ್ತೆ ಅಂತ ನಾನು ಅನ್ನುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಗೂಡಿನ ವ್ಯಾಪಾರಕ್ಕೆ ಅಂತ ಅಲ್ಲಿಗೆ ಹೋದ ನೀನು ಇಲ್ಲಿನ ರೇಷ್ಮೆ ಕಾರ್ಖಾನೆಗೆ ಹೆಂಗಸರನ್ನು ಒದಗಿಸುವ ಕಂತ್ರಾಟು ಹಿಡಿದಿದ್ದೀ, ಸೋಮವಾರ ಲಾರಿಯಲ್ಲಿ ಕರಕೊಂಡು ಬರುತ್ತೀ ಅಂತ ಹೇಳಿಕಳಿಸಿದೆಯಲ್ಲ, ಆವತ್ತಿನಿಂದ ಬೀದಿಯಲ್ಲೆಲ್ಲ ‘ನನ್ನ ಮಗ ಮೇಸ್ತ್ರಿ ಆದ ಕಣಮ್ಮ’ ಅಂತ ಸಾರಿಕೊಂಡು ತಿರುಗುತ್ತಿದ್ದಾಳೆ. ಅಣ್ಣಾ, ಅದು ನಾನು ದುಡಿಯುವ ಕಾರ್ಖಾನೆ. ಹೋದ ವಾರದಿಂದ ಅದರ ಗೇಟು ನಮಗೆ ಮುಚ್ಚಿದೆ. ನಿನಗೆ ಇದು ಯಾರೂ ಹೇಳಿಲ್ಲ ಅಂತ ನಂಬಿ ಬರೆಯುತ್ತಿದ್ದೇನೆ. ಗೊತ್ತಿದ್ದೂ ಒಪ್ಪಿದ್ದರೆ ಮುಂದೆ ಓದಬೇಡ, ಹರಿದು ಒಲೆಗೆ ಹಾಕು.

ನಮ್ಮ ಕೆಲಸ ನೀನು ಕಂಡದ್ದೇ. ಕುದಿಯುವ ಬೇಸಿನ್ನಿಗೆ ಬೆರಳದ್ದಿ ಗೂಡಿನ ಎಳೆ ಹಿಡಿಯಬೇಕು. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು. ಉರಿ ತಡೆಯಲಾರದಾಗ ಬೆರಳನ್ನು ಅದರಲ್ಲದ್ದಿ, ಮತ್ತೆ ಬಿಸಿನೀರಿಗೆ. ಹೊಸ ಮ್ಯಾನೇಜರು ಬಂದವನೇ ಬಟ್ಟಲುಗಳನ್ನೆಲ್ಲ ಎತ್ತಿಸಿಬಿಟ್ಟ. ಬೆರಳು ತಣ್ಣಗಾಗುವಷ್ಟು ಹೊತ್ತು ನೂಲು ನಿಲ್ಲುತ್ತಂತೆ, ಧಣಿಗೆ ನಷ್ಟವಂತೆ. ಆರೋಗ್ಯಮ್ಮ ಗೊತ್ತಲ್ಲ, ನನ್ನ ಎಡಗಡೆ ಸಾಲಿನಲ್ಲಿ ಕೂರುವ ತಮಿಳಿನವಳು, ಅವಳ ಹೆಬ್ಬೆರಳಿನ ಉಗುರು ಕಳಚಿ ಎಳೆಗೆ ಸಿಕ್ಕಿಕೊಂಡು ರಾಟೆಯವರೆಗೂ ಹೋಯಿತು. ಆ ನೂಲನ್ನೂ ಅವರು ಬಿಡಲಿಲ್ಲ. ತೊಳೆದು ಮಾರಿದರು. ಯಾವ ಮದುವಣಗಿತ್ತಿ ಅದನ್ನುಟ್ಟು ಹಸೆಯ ಮೇಲೆ ಕೂತಿದ್ದಾಳೋ.

ಆವತ್ತು ಯೂನಿಯನ್ ಕಟ್ಟಿದೆವು. ನೀರು ಅನ್ನೋದಕ್ಕೆ ನಮ್ಮಲ್ಲಿ ಒಂದೊಂದು ಸಾಲಿನವರದು ಒಂದೊಂದು ಮಾತು. ನಾವು ನೀರು ಅಂದರೆ ಆರೋಗ್ಯಮ್ಮನವರು ತಣ್ಣಿ ಅನ್ನುತ್ತಾರೆ, ಹಿಂದಿನ ಸಾಲಿನ ಖಮರ್‌ಬೀಯವರು ಪಾನಿ. ಯೂನಿಯನ್ ಅನ್ನುವುದಕ್ಕೆ ಮಾತ್ರ ಎಲ್ಲರ ಬಾಯಲ್ಲೂ ಅದೊಂದೇ. ಆರೋಗ್ಯಮ್ಮ ಒಂದು ಸೋಮವಾರ ಕುಣಿಯುತ್ತಲೇ ಬಂದಳು. ‘ಏನ್ರೇ, ನಮ್ಮ ಯೂನಿಯನ್ನು ಪೂಜೆಯೊಳಗೇ ಇದೆ ಕಣ್ರೇ!’ ಇಗರ್ಜಿಯಲ್ಲಿ ಪಾದ್ರಿಗಳು ಲತೀನಿನಲ್ಲಿ ಪೂಜೆ ಮಾಡುವಾಗ ‘ಊನುಮ್ ದೇವುಮ್’ ಅಂತ ಒಂದು ಮಾತು ಬರುತ್ತಂತೆ, ಒಬ್ಬನೇ ದೇವರು ಅಂತ ಅರ್ಥವಂತೆ. ಹೋಗಿ ಅವರನ್ನೇ ಕೇಳಿದ್ದಾಳೆ. ಹೌದಮ್ಮ, ಯೂನಿಯನ್ನಿಗೂ ಅದೇ ಬೇರು, ಊನುಸ್ ಅಂದರೆ ಒಂದು, ರೋಮಿನವರಿಂದ ಫ್ರೆಂಚರಿಗೆ, ಅವರಿಂದ ಇಂಗ್ಲಿಷಿನವರಿಗೆ, ಅವರಿಂದ ನಮಗೆ ಬಂತು ಅಂದರಂತೆ. ಖಮರ್‌ಬೀ ಸುಮ್ಮನಿರುತ್ತಾಳಾ? ‘ಅಷ್ಟು ದೂರದಿಂದ ನಡಕೊಂಡು ಬಂದೈತಾ? ಕಾಲು ಬಿದ್ದೋಗಿರ್ತದೆ, ಕೂರ್ಸಿ ಚಾ ಕೊಡ್ರೇ’ ಅಂದಳು. ನಕ್ಕು ಸಾಕಾಯಿತು. ಆದರೆ ಆರೋಗ್ಯಮ್ಮ ಯಾಕೆ ಕೇಳುತ್ತಿದ್ದಾಳೆ ಅಂತ ತಿಳಿದ ಮೇಲೆ ಪಾದ್ರಿಗಳ ಮುಖ ಕಪ್ಪಿಟ್ಟಿತಂತೆ. ‘ಈ ಮಾತನ್ನ ಪೂಜೆಯಲ್ಲಿ ಕೇಳು, ಹೊರಗೆ ಆಡಬೇಡ ಮಗಳೇ’ ಅಂದರಂತೆ. ಅದನ್ನು ಕೇಳಿದಾಗ ನಮಗೆ ನಗು ಬರಲಿಲ್ಲ.

ಮ್ಯಾನೇಜರು ಕನ್ನಡದವರನ್ನು ಮಾತ್ರ ಒಳಗೆ ಕರೆಸಿದ. ‘ಈಗ ಕನ್ನಡದವರೆಲ್ಲ ಒಂದೇ ರಾಜ್ಯ ಆದ್ವಿ. ಯೂನಿಯನ್ನು ಗೀನಿಯನ್ನು, ಪರದೇಶದ ಹೆಸರು ಯಾಕಮ್ಮ? ನೀವೇ ಬೇರೆ ಕನ್ನಡ ಸಂಘ ಮಾಡಿಕೊಳ್ಳಿ, ನಿಮ್ಮ ಸಾಲಿಗೆ ಮಾತ್ರ ಬಟ್ಟಲು ವಾಪಸು ಕೊಡಿಸ್ತೀನಿ’ ಅಂದ. ಕನ್ನಡ ನನಗೆ ಅವ್ವನ ಮೊಲೆಹಾಲಿನ ಜೊತೆ ಬಂದದ್ದು, ಇವನ ಜೇಬಿನಿಂದ ಉದುರಿದ್ದಲ್ಲ. ‘ಮಿಕ್ಕವರ ಬೆರಳು ಯಾವ ಭಾಷೇಲಿ ಬೇಯುತ್ತೆ ಸ್ವಾಮಿ?’ ಅಂದೆ. ಅವನು ಸಿಟ್ಟಾಗಲಿಲ್ಲ ಅಣ್ಣಾ. ಮುಗುಳ್ನಕ್ಕ. ಸಿಟ್ಟಾಗಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಗೇಟಿಗೆ ಬೀಗ.

ಈಗ ಒಳಗೆ ಒಬ್ಬಳೂ ಕೆಲಸದವಳಿಲ್ಲ, ಆದರೂ ನಿನ್ನೆಯಿಂದ ಚಿಮಣಿಯಲ್ಲಿ ಹೊಗೆ ಏಳುತ್ತಿದೆ. ಬಾಯ್ಲರು ಕಾಯಿಸುತ್ತಿದ್ದಾರೆ. ಗೂಡಿನೊಳಗೆ ಸತ್ತ ಹುಳುಗಳ ನಾತ ರಸ್ತೆಗೂ ಹೊಡೆಯುತ್ತಿದೆ. ಯಾರೋ ಗುರುತಿಲ್ಲದ ಗಂಡಸರು ದೊಣ್ಣೆ ಇಟ್ಟುಕೊಂಡು ಗೋಡೌನಿನಲ್ಲಿ ಬೀಡುಬಿಟ್ಟಿದ್ದಾರೆ. ನಾವು ಎದುರಿಗೆ ಕೂತರೆ ಬೈಯುವುದಿಲ್ಲ, ಸುಮ್ಮನೆ ಒಬ್ಬೊಬ್ಬಳ ಮುಖ ನೋಡಿಟ್ಟುಕೊಳ್ಳುತ್ತಾರೆ. ನಿನ್ನೆ ಆರೋಗ್ಯಮ್ಮನನ್ನು ಠಾಣೆಗೆ ಬಾ ಅಂತ ಯಾರೋ ಬಂದು ಕರೆದುಕೊಂಡು ಹೋದರು. ಇನ್ನೂ ಬಂದಿಲ್ಲ. ನಾನೂ ಖಮರ್‌ಬೀಯೂ ಠಾಣೆಗೆ ಹೋಗಿ ಕೇಳಿದೆವು. ‘ನಾವು ಯಾರನ್ನೂ ಕರೆಸೇ ಇಲ್ಲವಲ್ಲ’ ಅಂದರು. ಅವಳ ಮಕ್ಕಳು ನಮ್ಮ ಮನೆಯಲ್ಲಿವೆ. ಅಮ್ಮ ಎಲ್ಲಿ ಅಂತ ತಮಿಳಿನಲ್ಲಿ ಕೇಳುತ್ತವೆ. ಆ ಪ್ರಶ್ನೆ ನನಗೆ ಚೆನ್ನಾಗಿಯೇ ಅರ್ಥವಾಗುತ್ತೆ.

ಕನ್ನಡದ ಒಂದಕ್ಷರವೂ ಬಾರದವರನ್ನೇ ತಾ ಅಂತ ಮ್ಯಾನೇಜರು ನಿನಗೆ ಹೇಳಿದ್ದಾನಂತೆ, ನಿಜವಾ? ನಾವು ಗೇಟಿನಲ್ಲಿ ಎಷ್ಟು ಬಾಯಿ ಬಡಿದುಕೊಂಡರೂ ಬಂದವರಿಗೆ ತಿಳಿಯಬಾರದು ಅಂತ ಅವನ ಲೆಕ್ಕ. ತಮಿಳಿನಲ್ಲಿ ಕೂಗಿ ಹೇಳಬಲ್ಲ ಆರೋಗ್ಯಮ್ಮನನ್ನು ಅದಕ್ಕೇ ಮೊದಲು ಎತ್ತಿಸಿರಬೇಕು. ಅಲ್ಲೇ ಅವನು ಎಡವಿದ್ದು. ಆ ಹೆಂಗಸರ ಗಂಡಂದಿರು ಸೇಲಂ ಗಿರಣಿಗಳಲ್ಲಿ ಬೆನ್ನು ಬಗ್ಗಿಸಿದವರು, ಯೂನಿಯನ್ ಕಟ್ಟಿ ಲಾಠಿ ತಿಂದವರು. ಅವರಲ್ಲಿ ಯಾರಾದರೂ ಹಿರಿಯಳನ್ನು ಕರೆದು, ನೀವು ಹೋಗುವ ಕಡೆ ಯೂನಿಯನ್ನಿನವರು ಬೀದಿಯಲ್ಲಿದ್ದಾರೆ ಅಂತ ಹೇಳು. ಹೇಳಿ ಅವಳ ಮುಖ ನೋಡು. ಆಮೇಲೂ ಅವಳು ಲಾರಿ ಹತ್ತಿದರೆ ನಾನು ನಿನ್ನ ತಂಗಿಯೇ ಅಲ್ಲ. ಆದರೆ ಹೇಳದೆ ಹತ್ತಿಸಬೇಡ ಅಣ್ಣಾ. ಅವರ ಬೆರಳೂ ಬೆರಳೇ.

ಚಾಮುಂಡಿ ನಿನ್ನನ್ನು ಕಾಯಲಿ ಅಂತ ಅವ್ವ ಬರೆಸಿದ್ದಾಳೆ. ನಿನ್ನ ಬುದ್ಧಿಯನ್ನೂ ಕಾಯಲಿ ಅಂತ ನಾನು ಸೇರಿಸಿದ್ದೇನೆ. ಖಮರ್‌ಬೀ ಸಲಾಮು ಹೇಳಿದ್ದಾಳೆ.

ನಿನ್ನ ತಂಗಿ,
ಶಿವನಂಜಿ

ಮತ್ತೆ: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸೋಮವಾರ ನಿನ್ನ ಲಾರಿಗೆ ಅಡ್ಡಲಾಗಿ ಗೇಟಿನಲ್ಲಿ ಮಲಗುವುದು ಅಂತ ತೀರ್ಮಾನವಾಗಿದೆ. ಎಲ್ಲರಿಗಿಂತ ಮುಂದಿನ ಜಾಗ ನಾನೇ ಕೇಳಿ ತಗೊಂಡೆ. ಏನೇ ಆದರೂ ನಿಲ್ಲಿಸಕೂಡದು ಅಂತ ಡ್ರೈವರಿಗೆ ಅಪ್ಪಣೆಯಾಗಿದೆಯಂತೆ. ಅವನ ಪಕ್ಕದಲ್ಲಿ ನೀನು ಕೂತಿರುತ್ತೀ. ಅವ್ವನಿಗೆ ನಾನು ಇದೊಂದೂ ಹೇಳಿಲ್ಲ. ಮಗ ಲಾರಿಯಿಂದ ಇಳಿಯುವುದನ್ನು ಕಣ್ಣಾರೆ ನೋಡಬೇಕು ಅಂತ ಬೆಳಿಗ್ಗೆಯೇ ಬಂದು ಗೇಟಿನ ಹತ್ತಿರ ನಿಲ್ಲುತ್ತಾಳಂತೆ. ಬೇಡ ಅಂದರೆ ಕೇಳುತ್ತಿಲ್ಲ.