ಜೇಬಿನಲ್ಲಿ ಉಳಿದ ಚೀಟಿ

ಪ್ರೀತಿಯ ಮಗಳಿಗೆ,

ಕರ್ತನ ಸಮಾಧಾನ ನಿನಗಿರಲಿ. ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ.

ನಮ್ಮ ಚರ್ಚಿನ ಪ್ರಾರ್ಥನಾ ಗುಂಪಿನಲ್ಲಿ ಪ್ರತಿ ಗುರುವಾರ ಒಬ್ಬರು ತಮ್ಮ ಜೀವನದ ಕಥೆ ಹೇಳುತ್ತಾರೆ. ಮೊನ್ನೆ ನನ್ನ ಸರದಿ. ನಲವತ್ತು ವರ್ಷಗಳ ಅಧ್ಯಾಪನವನ್ನು ಕ್ರಮವಾಗಿ ವಿವರಿಸಿ ಮುಗಿಸಿದಾಗ, ಗುಂಪಿನ ದರ್ಜಿ, "ಮೇಷ್ಟ್ರೇ, ಶಾಲೆ ಕಥೆ ಆಯ್ತು. ನಿಮ್ದು ಯಾವಾಗ?" ಎಂದರು. ಎಲ್ಲರೂ ನಕ್ಕರು. ಎದ್ದವನು ಮತ್ತೆ ಕುಳಿತು, ಈವರೆಗೆ ಯಾರಿಗೂ ಹೇಳದ್ದನ್ನು ಹೇಳಿದೆ.

ನಿನ್ನ ಅಂತಿಮ ಪರೀಕ್ಷೆಯ ದಿನ, ಅಮ್ಮ ನಿನ್ನನ್ನು ಕೇಳುತ್ತಿದ್ದಾಳೆಂದು ಆಸ್ಪತ್ರೆಯಿಂದ ಚೀಟಿ ಬಂದದ್ದು ಹತ್ತೂವರೆಗೆ. ನಿನ್ನ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನಾಗಿದ್ದ ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು, ಒಂದು ಗಂಟೆಗೆ ಉತ್ತರಪತ್ರಿಕೆಗಳನ್ನು ಸಂಗ್ರಹಿಸಿದ ಮೇಲಷ್ಟೇ ನಿನ್ನನ್ನು ಕರೆದೆ. ನಾವು ತಲುಪುವಷ್ಟರಲ್ಲಿ ಅವಳಿರಲಿಲ್ಲ. ಸುದ್ದಿ ತಡವಾಗಿ ಬಂತೆಂದು ಇಷ್ಟು ವರ್ಷ ನಿನಗೆ ಹೇಳಿದ್ದು ಸುಳ್ಳು.

ಅಲ್ಲಿ ಯಾರೂ ಬುದ್ಧಿ ಹೇಳಲಿಲ್ಲ. ದರ್ಜಿ ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ಎದೆ ಹಗುರಾಯಿತು. ಆದರೆ ನಿನಗೆ ತಿಳಿಸದೆ ಹಗುರಾಗುವ ಹಕ್ಕು ನನಗೆಲ್ಲಿದೆ? ಅಂದಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ.

ಬೈಯುವುದಿದ್ದರೆ ಪತ್ರದಲ್ಲಿ ಬೇಡ, ಬಂದು ಬೈ. ಭಾನುವಾರ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ನಿಲ್ದಾಣದಲ್ಲಿರುತ್ತೇನೆ. ನೀನು ಬರದಿದ್ದರೆ ಅದರ ಮುಂದಿನ ಭಾನುವಾರವೂ ಇರುತ್ತೇನೆ.

ಇಂತು,
ನಿನ್ನ ಅಪ್ಪ