ಮಿಲ್ಲಿನ ಎಣ್ಣೆ ಇಳಿಸ್ರಿ

ನೋಡ್ರಿ,

ನಾನು ಏಳರ ಬಸ್ಸಿಗೆ ಎಮ್ಮಿಗನೂರಿಗೆ ಹೊಂಟೀನಿ, ಅವ್ವನ ಮನಿಗೆ. ರೊಟ್ಟಿ, ಹೆಸರುಕಾಳು ಪಲ್ಯ ಮುಚ್ಚಿಟ್ಟೀನಿ.

ನಮ್ಮ ಅಕ್ಕಿ ಮಿಲ್ಲಿನ ಮಷಿನ್ನಿಗೆ ಹಾಕೋ ತೆಳ್ಳನ ಎಣ್ಣೀನೇ ಕಾರಿನ ಗೇರ್ ಬಾಕ್ಸಿಗೂ ಸುರುವಿದ್ರಿ. ಅದಕ್ಕ ಅದು ಹಂಗ ನರಳಾಕತ್ತೈತಿ. ಮೂರು ಸಲ ಹೇಳಿದೆ, ರಸ್ತೆ ಸರಿ ಇಲ್ಲ ಅಂದ್ರಿ. ಕಡೀಗೆ ಹೊಸಪೇಟೆ ಗ್ಯಾರೇಜಿನ ಮೇಸ್ತ್ರಿನ್ನ ನಾನೇ ಕೇಳಿದೆ. ಅವರು ಕೊಟ್ಟ ದಪ್ಪನ್ನ ಗೇರ್ ಎಣ್ಣೆ ಡಬ್ಬಿ ಜೋಳದ ಚೀಲದ ಹಿಂದ ಐತಿ.

ಮೊದಲು ಗಾಡಿ ಒಂದ್ ಸುತ್ತು ಓಡಿಸ್ರಿ, ಬೆಚ್ಚಗಾದ್ರ ಹಳೇ ಎಣ್ಣೆ ಪೂರ್ತಿ ಇಳೀತೈತಿ. ಕೆಳಗ ಒಡಕು ಬಕೀಟು ಇಡಬ್ಯಾಡ್ರಿ, ಅದು ಸೋರತೈತಿ. ನಾನು ಹಿಟ್ಟು ನಾದೋ ಬೋಗುಣಿ ಮುಟ್ಟಿದ್ರಂತೂ ನೋಡ್ರಿ ಮತ್ತ! ಹೊಸಾದು ಹಾಕೋಕಿಂತ ಮುಂಚೆ ಕೆಳಗಿನ ಬೋಲ್ಟ್ ಬಿಗಿ ಮಾಡೋದು ಮರೀಬ್ಯಾಡ್ರಿ.

ಐತವಾರ ನನ್ನ ಕರ್ಕೊಂಡು ಹೋಗಾಕ ಬರ್ರಿ. ಕಾಲುವೆ ಸೇತುವೆ ಮ್ಯಾಲ ಗೇರು ಗೊರಗುಟ್ಟಿದ ಕೂಡ್ಲೇ "ಅಳಿಯಾರು ಬಂದ್ರು" ಅಂತ ಅವ್ವ ಅನ್ನಕ್ಕ ಎಸರು ಇಡ್ತಾಳ. ಈ ಸಲ ಅಕಿಗೆ ಗೊತ್ತಾಗದಂಗ ಬಾಗಿಲಿಗೆ ಬಂದು ನಿಂತಬಿಡ್ರಿ. ಊಟ ತಡ ಆದ್ರ ಆಗ್ಲಿ.

— ಹಂಪಮ್ಮ